ಎರಡು ಪೈಸೆ ಕೊಟ್ಟು ಮಕ್ಕಳನ್ನು ಶಾಲೆಗೆ ಕರೆತಂದ ಕುದ್ಮುಲ್ ರಂಗರಾಯರು

ಮಂಗಳೂರಿನ ಪುರಭವನಕ್ಕೆ ಈಗ ಕುದ್ಮುಲ್ ರಂಗರಾವ್ ಅವರ ಹೆಸರಿದೆ. ಯಕ್ಷಗಾನ, ನಾಟಕ, ಶಾಲಾ ವಾರ್ಷಿಕೋತ್ಸವ, ಸನ್ಮಾನ ಸಮಾರಂಭಗಳಿಗೆಂದು ಅಲ್ಲಿಗೆ ಬರುವವರು ಆಮಂತ್ರಣ ಪತ್ರಿಕೆಯಲ್ಲಿ ಆ ಹೆಸರನ್ನು ಓದಿರುತ್ತಾರೆ. ಹೆಸರಿನ ಹಿಂದಿರುವ ಶಾಲೆಯ ಕಥೆಯನ್ನು ಬಲ್ಲವರು ಮಾತ್ರ ಕಡಿಮೆ.

ಖಾಸಗಿ ಶಾಲೆಯ ಸಾಧನೆ ಎಂದರೆ ಇಂದು ಶೇಕಡ ನೂರರ ಫಲಿತಾಂಶ, ರ‍್ಯಾಂಕು, ರಾಜ್ಯಮಟ್ಟದ ಕ್ರೀಡಾಕೂಟದ ಪದಕ. ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ತೆರೆದ ಶಾಲೆಯಲ್ಲಿ ಸಾಧನೆಯ ಅಳತೆಯೇ ಬೇರೆಯಾಗಿತ್ತು. ಬೆಳಗ್ಗೆ ಗುಡಿಸಲಿನಿಂದ ಹೊರಟ ಮಗು ಪೆಟ್ಟು ತಿನ್ನದೆ ಶಾಲೆ ತಲುಪಿದರೆ ಅದು ಒಂದು ಸಾಧನೆ. ಅದೇ ಮಗು ಮರುದಿನವೂ ಬಂದರೆ ಇನ್ನೊಂದು.

ರಂಗರಾಯರು ಜನಿಸಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲ್ ಗ್ರಾಮದಲ್ಲಿ. ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳದ ಪಾಲಾಯಿತು. ಸಾರಸ್ವತ ಬ್ರಾಹ್ಮಣ ಕುಟುಂಬ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು, ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದವರು ಅವರು. ಅಲ್ಪ ಸಂಬಳದ ಶಾಲಾ ಉಪಾಧ್ಯಾಯರಾಗಿ ದುಡಿಯುತ್ತಲೇ ಪರೀಕ್ಷೆಗಳನ್ನು ಮುಗಿಸಿ ವಕೀಲರಾದರು. ಬಡ ಕಕ್ಷಿಗಾರರ ಪರವಾಗಿ ನಿಲ್ಲುವ ವಕೀಲರೆಂಬ ಹೆಸರೂ ಬಂತು. ಇಲ್ಲಿಗೆ ನಿಂತಿದ್ದರೆ ಅವರದು ಸಂಪನ್ನ ಗೃಹಸ್ಥರೊಬ್ಬರ ಬದುಕಾಗಿ ಮುಗಿಯುತ್ತಿತ್ತು.

ಅಂದಿನ ಮಂಗಳೂರಿನಲ್ಲಿ ಶಾಲೆಗಳಿಗೆ ಬರವಿರಲಿಲ್ಲ. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ ಶಾಲೆ, ಮುದ್ರಣಾಲಯಗಳನ್ನು ಸ್ಥಾಪಿಸಿತ್ತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಇಲ್ಲಿಂದಲೇ ಹೊರಟಿತ್ತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಹೈಸ್ಕೂಲನ್ನು ತೆರೆದರು. ಇಂಥ ವಿದ್ಯಾನಗರಿಯಲ್ಲೂ ಹೊಲೆಯ, ಮೇರ, ಕೊರಗ ಸಮುದಾಯಗಳ ಮಗುವೊಂದು ಸವರ್ಣೀಯರ ಮಕ್ಕಳ ಜತೆ ಬೆಂಚಿನ ಮೇಲೆ ಕೂರುವುದು ಯೋಚನೆಗೂ ನಿಲುಕದ ಸಂಗತಿಯಾಗಿತ್ತು. ಮೂಲದ ಆಳುಗಳಾಗಿ ಭೂಮಾಲೀಕರ ಮನೆತನಗಳಿಗೆ ತಲೆಮಾರುಗಳಿಂದ ಕಟ್ಟುಬಿದ್ದಿದ್ದ ಕುಟುಂಬಗಳು ಅವು. ಕೊರಗರನ್ನು ಅಜಲು ಪದ್ಧತಿಯ ಹೆಸರಿನಲ್ಲಿ ನಡೆಸಿಕೊಳ್ಳುತ್ತಿದ್ದ ರೀತಿ ಎಷ್ಟು ಆಳಕ್ಕೆ ಬೇರೂರಿತ್ತೆಂದರೆ, ಅದನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು.

ರಂಗರಾಯರ ದಿಕ್ಕು ಬದಲಿಸಿದ್ದು ಬ್ರಹ್ಮಸಮಾಜ. ಬಿಲ್ಲವ ಮುಖಂಡ ಅರಸಪ್ಪ ಅವರ ಆಸಕ್ತಿಯಿಂದ 1870ರಲ್ಲಿ ಬ್ರಹ್ಮಸಮಾಜ ಮಂಗಳೂರಿಗೆ ಬಂತು. ಉಳ್ಳಾಲ ರಘುನಾಥಯ್ಯನವರಂಥ ಸಾರಸ್ವತರೂ ಅದರ ಕಡೆಗೆ ವಾಲಿದರು. ಜಾತಿಭೇದವನ್ನು ಒಪ್ಪದ ಆ ಗುಂಪಿನಲ್ಲಿ ರಂಗರಾಯರಿಗೆ ನೆಲೆ ಸಿಕ್ಕಿತು. ಆದರೆ ಸಭೆಯಲ್ಲಿ ಪ್ರಾರ್ಥನೆ ಸಲ್ಲಿಸಿ ಮನೆಗೆ ಮರಳುವಷ್ಟಕ್ಕೆ ಅವರು ತೃಪ್ತರಾಗಲಿಲ್ಲ. ಈ ಸಂದರ್ಭದಲ್ಲಿ ಬೆಂದೂರು ಬಾಬು ಎಂಬ ಹೆಸರು ಬರುತ್ತದೆ. ಅಕ್ಷರ ಕಲಿತು ನ್ಯಾಯಾಲಯದಲ್ಲಿ ಜವಾನನ ಕೆಲಸ ಪಡೆದ ದಲಿತ ಯುವಕ ಆತ. ಮೇಲ್ಜಾತಿಯ ನೌಕರರ ವಿರೋಧದಿಂದ ಆ ಕೆಲಸದಲ್ಲಿ ಉಳಿಯಲು ಆತನಿಗೆ ಆಗಲಿಲ್ಲವೆಂದು ಜಿಲ್ಲೆಯ ದಲಿತ ಚರಿತ್ರೆ ಇಂದಿಗೂ ನೆನೆಯುತ್ತದೆ. ನ್ಯಾಯಾಲಯವೇ ತಮ್ಮ ಕಾರ್ಯಕ್ಷೇತ್ರವಾಗಿದ್ದ ವಕೀಲರಿಗೆ ಈ ಘಟನೆ ತಟ್ಟದೆ ಇರಲಾರದು. ಒಬ್ಬ ಬಾಬುವನ್ನು ಓಡಿಸುವುದು ಸುಲಭ. ಓದಿದವರು ನೂರಾರು ಮಂದಿಯಾದರೆ ಹಾಗೆ ಓಡಿಸಲಾಗದು ಎಂಬುದು ಅವರು ಮುಂದೆ ಮಾಡಿದ ಕೆಲಸವನ್ನು ನೋಡಿದರೆ ತಿಳಿಯುತ್ತದೆ.

ಉರ್ವ ಚಿಲಿಂಬಿಯ ಶಾಲೆ ಬಾಡಿಗೆಯ ಜಾಗದಲ್ಲಿ ಶುರುವಾಯಿತು. ಊರಿನವರ ಪ್ರತಿಭಟನೆಗೆ ತಡವಾಗಲಿಲ್ಲ. ದಾರಿಯಲ್ಲಿ ಮಕ್ಕಳನ್ನು ಅಡ್ಡಗಟ್ಟಿದರು, ಹೊಡೆದರು. ಶಾಲೆಯ ಜಾಗ ಬದಲಾಯಿಸಬೇಕಾಯಿತು. ಅಸ್ಪೃಶ್ಯ ಮಕ್ಕಳಿಗೆ ಪಾಠ ಹೇಳಲು ಸವರ್ಣೀಯ ಉಪಾಧ್ಯಾಯರು ಮುಂದೆ ಬಾರದಿದ್ದಾಗ ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಿಕೊಂಡರು. ಅತ್ತ ಸ್ವಜಾತಿ ರಂಗರಾಯರಿಗೆ ಬಹಿಷ್ಕಾರ ಹಾಕಿತು. ಕ್ಷೌರಿಕರು, ಮಡಿವಾಳರು ಅವರ ಮನೆಗೆ ಬರದಂತೆ ತಡೆಯಲಾಯಿತು. ಬಹಿಷ್ಕಾರದ ಬಿಸಿ ಹೊರಗೆ ಓಡಾಡುವ ಗಂಡಸಿಗಿಂತ ಮನೆಯೊಳಗಿರುವ ಹೆಂಗಸರಿಗೂ ಮಕ್ಕಳಿಗೂ ಹೆಚ್ಚು ತಟ್ಟುತ್ತದೆ. ಪತ್ನಿ ರುಕ್ಮಿಣಿಬಾಯಿ ಅವರ ಹೆಸರು ಸ್ಮರಣೆಯ ಭಾಷಣಗಳಲ್ಲಿ ಅಪರೂಪಕ್ಕೆ ಕೇಳಿಬರುವುದು ನಮ್ಮ ಸ್ಮರಣೆಯ ದೋಷವೇ ಸರಿ.

ಇಷ್ಟಾದರೂ ಮಕ್ಕಳು ಬರುತ್ತಿರಲಿಲ್ಲ. ಇದಕ್ಕೆ ಕಾರಣ ಭಯವೊಂದೇ ಅಲ್ಲವೆಂಬುದನ್ನು ರಂಗರಾಯರು ಬೇಗ ಅರಿತರು. ಆಳಿನ ಮನೆಯಲ್ಲಿ ಏಳೆಂಟು ವರ್ಷದ ಮಗುವೂ ದನ ಮೇಯಿಸಿ, ಸೌದೆ ಹೊತ್ತು ಒಂದಿಷ್ಟು ದುಡಿಯುತ್ತದೆ. ಮಗು ಶಾಲೆಗೆ ಹೋದರೆ ಆ ದಿನದ ಗಂಜಿಗೆ ಕತ್ತರಿ. ಆದ್ದರಿಂದ ಹಾಜರಾದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡುವ ಪದ್ಧತಿ ಆರಂಭಿಸಿದರು. ಮಧ್ಯಾಹ್ನದ ಊಟವನ್ನೂ ಶಾಲೆಯಲ್ಲೇ ಕೊಟ್ಟರು.

ಎರಡು ಪೈಸೆ ಎಂದರೆ ಇಂದಿನ ಓದುಗರಿಗೆ ನಗು ಬರಬಹುದು. ಆಗ ರೂಪಾಯಿಗೆ ಹದಿನಾರಾಣೆ, ಅಂದರೆ 64 ಪೈಸೆ. 32 ದಿನ ಶಾಲೆಗೆ ಬಂದ ಮಗು ಮನೆಗೆ ಒಂದು ರೂಪಾಯಿ ತರುತ್ತಿತ್ತು. ಶಾಲೆ ನಡೆಸುವವರ ಕಡೆಯಿಂದ ಲೆಕ್ಕ ಹಾಕಿ ನೋಡಿ: ನಲವತ್ತು ಮಕ್ಕಳು ತಿಂಗಳಿಗೆ 24 ದಿನ ಬಂದರೆ ಈ ಬಾಬ್ತಿಗೇ 30 ರೂಪಾಯಿ. ಊಟ, ಬಾಡಿಗೆ, ಉಪಾಧ್ಯಾಯರ ಸಂಬಳ ಬೇರೆ. ಮಗುವಿನ ಹಾಜರಿ ಹೆಚ್ಚಿದಂತೆಲ್ಲ ಶಾಲೆಯ ಖರ್ಚೂ ಹೆಚ್ಚುವ ಏರ್ಪಾಡು ಇದು. ಶುಲ್ಕದ ಮೇಲೆ ನಿಂತ ಖಾಸಗಿ ಶಾಲೆಗಳನ್ನಷ್ಟೇ ಕಂಡಿರುವ ನಮಗೆ ಇದು ತಲೆಕೆಳಗಾದ ಲೆಕ್ಕದಂತೆ ತೋರುತ್ತದೆ. ವಕಾಲತ್ತಿನ ಸಂಪಾದನೆಯನ್ನು ಇದಕ್ಕೆ ಸುರಿದ ರಂಗರಾಯರು ಉಳಿದುದಕ್ಕೆ ದಾನಿಗಳ ಮುಂದೆ ಕೈಚಾಚಿದರು.

1897ರಲ್ಲಿ ಈ ಕೆಲಸಕ್ಕೆಲ್ಲ ಒಂದು ಸಂಸ್ಥೆಯ ರೂಪ ಬಂತು. ಅದೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಮಂಗಳೂರಿನವರ ಬಾಯಲ್ಲಿ ಡಿ.ಸಿ.ಎಂ. ಮುಂಬಯಿಯಲ್ಲಿ ವಿಠ್ಠಲ ರಾಮಜಿ ಶಿಂಧೆಯವರು ಇದೇ ಬಗೆಯ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದ್ದು 1906ರಲ್ಲಿ, ಒಂಬತ್ತು ವರ್ಷಗಳ ನಂತರ. ಕೊಡಿಯಾಲ್‌ಬೈಲಿನ ಶೇಡಿಗುಡ್ಡೆ ಮಿಷನ್ನಿನ ಕೇಂದ್ರವಾಯಿತು. ಮಂಗಳೂರಿನ ಇತರ ಭಾಗಗಳಲ್ಲೂ ಮುಲ್ಕಿ, ಉಡುಪಿಗಳ ಕಡೆಗೂ ಶಾಲೆಗಳು ಹಬ್ಬಿದವು.

ಅಕ್ಷರ ಕಲಿತ ಹುಡುಗ ಮತ್ತೆ ಧಣಿಯ ಗದ್ದೆಗೇ ಮರಳುವುದಾದರೆ ಕಲಿತು ಫಲವೇನು? ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಕೈಗಾರಿಕಾ ತರಬೇತಿ. ಮರಗೆಲಸ, ನೇಯ್ಗೆಯಂಥ ಕಸುಬುಗಳನ್ನು ಮಿಷನ್ ಕಲಿಸಿತು. ದೂರದ ಮಕ್ಕಳಿಗೆ ತಂಗುವ ವ್ಯವಸ್ಥೆ ಮಾಡಿತು. ಕಲಿತವರಲ್ಲಿ ಕೆಲವರು ಅದೇ ಶಾಲೆಗಳಲ್ಲಿ ಉಪಾಧ್ಯಾಯರಾದರು. ಸ್ಥಳೀಯ ಸಂಸ್ಥೆಗಳಲ್ಲಿ ದಲಿತರಿಗೆ ಪ್ರಾತಿನಿಧ್ಯ ಬೇಕೆಂದೂ ರಂಗರಾಯರು ಅಧಿಕಾರಿಗಳ ಬೆನ್ನು ಹತ್ತಿದರು. ಅಂಗಾರ ಮಾಸ್ತರ್, ಗೋವಿಂದ ಮಾಸ್ತರ್ ಮೊದಲಾದವರ ಹೆಸರನ್ನು ಜಿಲ್ಲೆಯ ಹಿರಿಯ ದಲಿತ ಮುಖಂಡರು ಈ ಸಂದರ್ಭದಲ್ಲಿ ಗೌರವದಿಂದ ಸ್ಮರಿಸುತ್ತಾರೆ. ಮಾಸ್ತರ್ ಎಂಬ ಪದವೇ ಆ ಶಾಲೆ ಗಳಿಸಿದ ದೊಡ್ಡ ಪ್ರಶಸ್ತಿ ಎನ್ನಬಹುದು.

ಉಳಿದದ್ದು ನೆಲದ ಪ್ರಶ್ನೆ. ಗುಡಿಸಲು ಧಣಿಯ ಜಾಗದಲ್ಲಿರುವವರೆಗೆ ಮಗುವನ್ನು ಶಾಲೆ ಬಿಡಿಸಲು ಧಣಿಯ ಒಂದು ಮಾತು ಸಾಕು. ಇದನ್ನು ಬಲ್ಲ ರಂಗರಾಯರು ಸರ್ಕಾರದಿಂದ ಜಾಗ ಪಡೆದು ದಲಿತ ಕುಟುಂಬಗಳಿಗೆ ನಿವೇಶನ ಕೊಡಿಸುವ ಕೆಲಸಕ್ಕೆ ಇಳಿದರು. ಚೆಂಗಲ್ಪಟ್ಟಿನ ಕಲೆಕ್ಟರರಾಗಿದ್ದ ಟ್ರೆಮೆನ್‌ಹೀರ್ ಅವರ ವರದಿಯನ್ನು ಅನುಸರಿಸಿ, ಶೋಷಿತ ವರ್ಗಗಳಿಗೆ ಜಮೀನು ಕೊಡಬಹುದೆಂದು ಮದರಾಸು ಸರ್ಕಾರ ಆದೇಶ ಹೊರಡಿಸಿದ್ದೂ 1892ರಲ್ಲೇ. ಚಿಲಿಂಬಿಯ ಶಾಲೆ ತೆರೆದ ವರ್ಷವೂ ಅದೇ. ಕರಾವಳಿಯ ಎರಡು ಜಿಲ್ಲೆಗಳಲ್ಲಿ ಇಂದಿಗೂ ಮನವಿ, ಧರಣಿಗಳಿಗೆ ಕಾರಣವಾಗುವ ಡಿ.ಸಿ. ಮನ್ನಾ ಜಮೀನಿನ ಬೇರು ಆ ಕಾಲದ್ದು. ಇಲ್ಲಿ ಡಿ.ಸಿ. ಎಂದರೆ ಹಲವರು ತಿಳಿದಿರುವಂತೆ ಡೆಪ್ಯುಟಿ ಕಮಿಷನರ್ ಅಲ್ಲ, ಡಿಪ್ರೆಸ್ಡ್ ಕ್ಲಾಸ್.

ಊರಿಗೆ ಹೇಳಿದ್ದನ್ನು ರಂಗರಾಯರು ಮನೆಯಲ್ಲೂ ನಡೆಸಿದರು. 1891ರಲ್ಲಿ ಹುಟ್ಟಿದ ಮಗಳು ರಾಧಾಬಾಯಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಮುಂದೆ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನಲ್ಲಿಯೂ ಓದಿದರು. 1912ರಲ್ಲಿ ಅವರು ವರಿಸಿದ್ದು ತಮಿಳುನಾಡಿನ ಕುಮಾರಮಂಗಲಂ ಜಮೀನ್ದಾರಿ ಮನೆತನದ ಪಿ. ಸುಬ್ಬರಾಯನ್ ಅವರನ್ನು. ಜಾತಿ, ಭಾಷೆ ಎರಡನ್ನೂ ದಾಟಿದ ಈ ಮದುವೆಗೆ ರಂಗರಾಯರ ಒಪ್ಪಿಗೆಯಿತ್ತು. ಸುಬ್ಬರಾಯನ್ 1926ರಿಂದ 1930ರವರೆಗೆ ಮದರಾಸು ಪ್ರಾಂತದ ಪ್ರಧಾನ ಸಚಿವರಾಗಿದ್ದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಮೊದಲ ಮಹಿಳೆ. ಮೊಮ್ಮಕ್ಕಳಾದ ಜನರಲ್ ಪಿ.ಪಿ. ಕುಮಾರಮಂಗಲಂ ಭೂಸೇನೆಯ ಮುಖ್ಯಸ್ಥರಾದರೆ, ಮೋಹನ್ ಕುಮಾರಮಂಗಲಂ ಕೇಂದ್ರ ಸಚಿವರಾದರು. ಪಾರ್ವತಿ ಕೃಷ್ಣನ್ ಕಮ್ಯುನಿಸ್ಟ್ ಪಕ್ಷದಿಂದ ಸಂಸತ್ತಿಗೆ ಹೋದರು.

ಇಳಿವಯಸ್ಸಿನಲ್ಲಿ ಮಿಷನ್ನಿನ ಹೊಣೆಯನ್ನು ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜಕ್ಕೆ ವಹಿಸಿ, ತಮ್ಮ ನಂತರವೂ ಶಾಲೆಗಳು ಮುಚ್ಚದಂತೆ ನೋಡಿಕೊಂಡರು. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದ ಎಂಬ ಹೆಸರು ಧರಿಸಿದರು. ಮರುವರ್ಷ, 1928ರ ಜನವರಿ 30ರಂದು, ತಮ್ಮ 68ನೆಯ ವಯಸ್ಸಿನಲ್ಲಿ ನಿಧನರಾದರು. ಅಳಿಯ ಪ್ರಾಂತದ ಪ್ರಧಾನ ಸಚಿವರಾಗಿದ್ದ ಕಾಲ ಅದು. ಬಯಸಿದ್ದರೆ ಸರ್ಕಾರಿ ಮರ್ಯಾದೆಗೆ ಕೊರತೆಯಾಗುತ್ತಿರಲಿಲ್ಲ. ತಮ್ಮ ಶವವನ್ನು ದಲಿತರೇ ಹೊರಬೇಕೆಂದು ಅವರು ಮೊದಲೇ ತಿಳಿಸಿದ್ದರು. ಹಾಗೆಯೇ ನಡೆಯಿತು.

ಆರು ವರ್ಷಗಳ ಬಳಿಕ, 1934ರ ಫೆಬ್ರವರಿಯಲ್ಲಿ, ಹರಿಜನ ಯಾತ್ರೆಯ ಅಂಗವಾಗಿ ಮಂಗಳೂರಿಗೆ ಬಂದ ಗಾಂಧೀಜಿ ಶೇಡಿಗುಡ್ಡೆಯ ಮಿಷನ್ನಿಗೆ ಭೇಟಿಯಿತ್ತರು. ಅಸ್ಪೃಶ್ಯತೆಯ ವಿರುದ್ಧದ ಕೆಲಸದಲ್ಲಿ ರಂಗರಾಯರು ತಮಗಿಂತ ಮುಂಚಿನವರೆಂದು ಅವರು ಗೌರವ ಸಲ್ಲಿಸಿದರೆಂದು ಊರಿನ ಹಿರಿಯರು ಹೇಳುತ್ತ ಬಂದಿದ್ದಾರೆ.

ರಂಗರಾಯರ ಸಮಾಧಿ ಅತ್ತಾವರದ ಬಾಬುಗುಡ್ಡೆಯಲ್ಲಿದೆ. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ಸರ್ಕಾರಿ ಹುದ್ದೆಗೇರಿ, ಊರಿನ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು. ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬುದು ಅವರ ಆಸೆಯಾಗಿತ್ತು. ಜೂನ್ 29ರ ಜಯಂತಿಯಂದು ಸಮಾಧಿಗೆ ಹೂಮಾಲೆ ಹಾಕಲು ಬರುವವರಲ್ಲಿ ಜನಪ್ರತಿನಿಧಿಗಳು, ಅಧಿಕಾರಿಗಳು, ದಲಿತ ಸಂಘಟನೆಗಳ ಕಾರ್ಯಕರ್ತರು ಎಲ್ಲರೂ ಇರುತ್ತಾರೆ. ಗುಡ್ಡೆಯ ದಾರಿಯಲ್ಲಿ ಅಂದು ಕಾರುಗಳ ಸಾಲು ನಿಂತಿರುತ್ತದೆ.