ಲೆಕ್ಕಕ್ಕೆ ಬಂದದ್ದು 77 ವರ್ಷದ ಮೇಲೆ

ಬೇಸ್‌ಬಾಲ್ ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಆದರೂ ಜಾಶ್ ಗಿಬ್ಸನ್ ಎಂಬ ಆಟಗಾರನ ಜೀವಿತವನ್ನು ಸ್ವಲ್ಪ ಗಮನಿಸಿ.

1911ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಹುಟ್ಟಿದ. ತಂದೆಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಪಿಟ್ಸ್‌ಬರ್ಗ್‌ನಲ್ಲಿ ಬೆಳೆದ. 1930ರಲ್ಲಿ, 18ನೇ ವಯಸ್ಸಿಗೇ, ಹೋಮ್‌ಸ್ಟೆಡ್ ಗ್ರೇಸ್ ತಂಡ ಸೇರಿದ. ಅದೇ ವರ್ಷ ಹೆಂಡತಿ ಹೆಲೆನ್ ಅವಳಿ ಮಕ್ಕಳನ್ನು ಹೆತ್ತು ತೀರಿಕೊಂಡಳು. ಆದರೂ ಅವನು ಆಟ ಬಿಡಲಿಲ್ಲ.

ಮೇಜರ್ ಲೀಗ್ ಅವನಿಗೆ ಬಾಗಿಲು ತೆರೆಯಲೇ ಇಲ್ಲ. ಕಾರಣ ಒಂದೇ, ಚರ್ಮದ ಬಣ್ಣ. ಕಪ್ಪು ಜನರಿಗೆ ಬೇರೆ ಲೀಗ್, ಅಲ್ಲಿಯ ಹೊಡೆತಗಳು ಇಲ್ಲಿ ಲೆಕ್ಕಕ್ಕಿಲ್ಲ.

ಬೇಸ್‌ಬಾಲ್‌ನಲ್ಲಿ ನೂರಕ್ಕೆ 30 ಸಾರಿ ಹಿಟ್ ಹೊಡೆದವನೇ ಒಳ್ಳೆಯ ಬ್ಯಾಟರ್. 1943ರಲ್ಲಿ ವೈದ್ಯರು ಗಿಬ್ಸನ್‌ಗೆ ಮೆದುಳಲ್ಲಿ ಗಡ್ಡೆ ಇದೆ ಅಂದರು. ಆಪರೇಷನ್ ಬೇಡ ಅಂದ. ಆ ವರ್ಷ ಅವನ ಸರಾಸರಿ ನೂರಕ್ಕೆ 46ಕ್ಕಿಂತ ಹೆಚ್ಚು!

1947ರ ಜನವರಿ 20ರಂದು ತೀರಿಕೊಂಡ, ವಯಸ್ಸು 35. ಮೂರೇ ತಿಂಗಳಲ್ಲಿ, ಏಪ್ರಿಲ್ 15ಕ್ಕೆ, ಜಾಕಿ ರಾಬಿನ್‌ಸನ್‌ಗೆ ಆ ಬಾಗಿಲು ತೆರೆಯಿತು. ಗಿಬ್ಸನ್ ಸಮಾಧಿಗೆ ಹೆಸರಿನ ಕಲ್ಲು ಬಂದದ್ದೇ 1975ರಲ್ಲಿ.

2024ರಲ್ಲಿ ಮೇಜರ್ ಲೀಗ್ ಆ ಹಳೇ ಹೊಡೆತಗಳನ್ನೂ ತನ್ನ ದಾಖಲೆಗೆ ಸೇರಿಸಿತು. ಜೀವಮಾನದ ಸರಾಸರಿಯಲ್ಲಿ ಟೈ ಕಾಬ್‌ನ .367 ಎರಡನೇ ಸ್ಥಾನಕ್ಕೆ ಇಳಿಯಿತು. ಗಿಬ್ಸನ್‌ನ .372 ಮೊದಲನೇದು.

ಅನ್ಯಾಯ ಸರಿಹೋಯ್ತು ಅಂತ ನಾನು ಹೇಳಲ್ಲ. ನೋಡೋಕೆ ಅವನೇ ಇಲ್ಲವಲ್ಲ! ಆದರೆ ಲೆಕ್ಕಕ್ಕಿಲ್ಲದ ದಿನಗಳಲ್ಲೂ ಅವನು ಪೂರ್ತಿ ಬಲದಿಂದ ಆಡಿದ, ಅದಕ್ಕೇ ಎಣಿಸೋಕೆ ಏನೋ ಉಳಿದಿತ್ತು. ನಿಮ್ಮ ಶ್ರಮ ಯಾರ ಕಣ್ಣಿಗೂ ಬೀಳ್ತಿಲ್ಲ ಅಂತ ಕೈ ಬಿಡಬೇಡಿ. ನಿಮ್ಮ ಪಕ್ಕದಲ್ಲಿ ಹಾಗೆ ದುಡಿಯುವವರಿದ್ದರೆ, ಅವರು ಬದುಕಿರುವಾಗಲೇ ಲೆಕ್ಕಕ್ಕೆ ತಗೊಳ್ಳಿ.