ಪ್ರೊ. ಪ್ರಶಾಂತ ಚಂದ್ರ ಮಹಲನೋಬಿಸ್ (1893–1972): ಜೀವನ ಪರಿಚಯ

ಪದವಿ ತರಗತಿಗಳಲ್ಲಿ ಸಂಖ್ಯಾಶಾಸ್ತ್ರವನ್ನು ಆಯ್ದುಕೊಳ್ಳುವ ವಿದ್ಯಾರ್ಥಿಗಳು ಆರಂಭದಲ್ಲಿಯೇ ಸರಾಸರಿ, ಮಾನಕ ವಿಚಲನೆ, ಸಹಸಂಬಂಧ, ಪ್ರತಿಚಯನ ಮುಂತಾದ ಪಾಠಗಳನ್ನು ಅಭ್ಯಸಿಸುತ್ತಾರೆ. ಈ ವಿಷಯಕ್ಕೆ ಭಾರತದ ಉನ್ನತ ಶಿಕ್ಷಣದಲ್ಲಿ ಪ್ರತ್ಯೇಕ ಸ್ಥಾನವನ್ನು ದೊರಕಿಸಿಕೊಟ್ಟವರಲ್ಲಿ ಪ್ರೊ. ಮಹಲನೋಬಿಸ್ ರವರು ಅಗ್ರಗಣ್ಯರು. ಆದರೆ ಶ್ರೀಯುತರು ಸ್ವತಃ ಯಾವ ಕಾಲೇಜಿನಲ್ಲಿಯೂ ಸಂಖ್ಯಾಶಾಸ್ತ್ರವನ್ನು ಪಠ್ಯವಿಷಯವಾಗಿ ಕಲಿತವರಲ್ಲ.

1893ರ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದ ಇವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದಲ್ಲಿ ಪದವಿ ಪಡೆದು, 1913ರಲ್ಲಿ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜನ್ನು ಸೇರಿದರು. 1915ರಲ್ಲಿ ವ್ಯಾಸಂಗ ಮುಗಿದಾಗ ಮೊದಲನೆಯ ಮಹಾಯುದ್ಧದ ಕಾರಣ ಸ್ವದೇಶಕ್ಕೆ ಹೊರಡಬೇಕಿದ್ದ ಹಡಗು ತಡವಾಯಿತು. ಆ ಬಿಡುವಿನಲ್ಲಿ ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತಿದ್ದ ಇವರಿಗೆ ಬೋಧಕರಾದ ಮೆಕಾಲೆಯವರು 'ಬಯೋಮೆಟ್ರಿಕಾ' ಎಂಬ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಮಹಲನೋಬಿಸ್ ರವರು ಅವುಗಳ ಪೂರ್ಣ ಸೆಟ್ಟನ್ನೇ ಖರೀದಿಸಿ, ಸಮುದ್ರಯಾನದ ಅವಧಿಯಲ್ಲಿ ಓದಲಾರಂಭಿಸಿದರು. ಇವರ ಪ್ರಾರಂಭಿಕ ಕೋರ್ಸು ನಡೆದದ್ದು ಹಡಗಿನಲ್ಲಿ ಎನ್ನಬಹುದು. ಅಲ್ಲಿ ಅಧ್ಯಾಪಕರೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ.

ಕಲ್ಕತ್ತೆಗೆ ಮರಳಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಕಲಿತದ್ದನ್ನು ಪ್ರಯೋಗಿಸುವ ಮೊದಲ ಅವಕಾಶವನ್ನು ಒದಗಿಸಿದವರು ಆಚಾರ್ಯ ಬ್ರಜೇಂದ್ರನಾಥ ಶೀಲರು. ಇವರೇ 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು. ಶೀಲರ ಕೋರಿಕೆಯಂತೆ ಮಹಲನೋಬಿಸ್ ರವರು ಕಲ್ಕತ್ತ ವಿಶ್ವವಿದ್ಯಾನಿಲಯದ ಪರೀಕ್ಷಾ ಫಲಿತಾಂಶಗಳನ್ನು ವಿಶ್ಲೇಷಿಸಿದರು.

ಜನಜೀವನಕ್ಕೆ ನೇರವಾಗಿ ಸಂಬಂಧಿಸಿದ ಕಾರ್ಯವೆಂದರೆ ಪ್ರವಾಹಗಳ ಅಧ್ಯಯನ. 1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿಯಲ್ಲಿ ಭಾರಿ ಪ್ರವಾಹ ಬಂದಾಗ, ನದಿಪಾತ್ರವು ಮೇಲೇರಿರುವುದೇ ಕಾರಣವೆಂದು ಭಾವಿಸಿದ ತಜ್ಞ ಇಂಜಿನಿಯರುಗಳು ದಂಡೆಗಳನ್ನು ಎತ್ತರಿಸಲು ಶಿಫಾರಸು ಮಾಡಿದ್ದರು. ಮಹಲನೋಬಿಸ್ ರವರು ಸುಮಾರು 60 ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ, ನದಿಪಾತ್ರ ಗಣನೀಯವಾಗಿ ಏರಿಲ್ಲವೆಂದೂ, ಮೇಲ್ದಂಡೆಯಲ್ಲಿ ಅಣೆಕಟ್ಟು ನಿರ್ಮಿಸಿ ನೀರನ್ನು ತಡೆಯುವುದೇ ಸೂಕ್ತವೆಂದೂ ತೋರಿಸಿದರು. ದಂಡೆಗಳನ್ನು ಎತ್ತರಿಸಿದ್ದಲ್ಲಿ ಹಣವೂ ವ್ಯಯವಾಗಿ, ಗ್ರಾಮಗಳಿಗೆ ಅಪಾಯವೂ ಹಾಗೆಯೇ ಉಳಿಯುತ್ತಿತ್ತು.

1931ರ ಡಿಸೆಂಬರ್ 17ರಂದು ಭಾರತೀಯ ಸಾಂಖ್ಯಿಕ ಸಂಸ್ಥೆಯ (ಐ.ಎಸ್.ಐ.) ಸ್ಥಾಪನೆಗೆ ತೀರ್ಮಾನಿಸಲಾಯಿತು. 1933ರಲ್ಲಿ 'ಸಾಂಖ್ಯ' ಪತ್ರಿಕೆ ಹೊರಬಂದಿತು. ಎರಡು ಸಮೂಹಗಳ ನಡುವಣ ಅಂತರವನ್ನು ಹಲವು ಲಕ್ಷಣಗಳ ಆಧಾರದಿಂದ ಅಳೆಯುವ ಇವರ ವಿಧಾನವು 'ಮಹಲನೋಬಿಸ್ ದೂರ' ಎಂಬ ಹೆಸರಿನಲ್ಲಿ ಇಂದಿಗೂ ಪ್ರಪಂಚದಾದ್ಯಂತ ಬಳಕೆಯಲ್ಲಿದೆ.

1937ರಿಂದ ಬಂಗಾಳದಲ್ಲಿ ಸೆಣಬಿನ ಬೆಳೆಯ ಸಮೀಕ್ಷೆಯನ್ನು ಕೈಗೊಂಡರು. ಪ್ರಾಂತದ ಪ್ರತಿಯೊಂದು ಹೊಲಕ್ಕೂ ಹೋಗಿ ಎಣಿಸುವುದರ ಬದಲು, ಯಾದೃಚ್ಛಿಕವಾಗಿ ಆರಿಸಿದ ಕೆಲವೇ ತಾಕುಗಳನ್ನು ಅಳೆದು ಒಟ್ಟು ವಿಸ್ತೀರ್ಣವನ್ನು ಅಂದಾಜಿಸುವುದು ಇದರ ಕ್ರಮ. ಮೊದಲು ಸಣ್ಣ ಪ್ರಮಾಣದಲ್ಲಿ ಪ್ರಾಯೋಗಿಕ ಸಮೀಕ್ಷೆ ನಡೆಸಿ, ವೆಚ್ಚವನ್ನೂ ದೋಷವನ್ನೂ ತಿಳಿದುಕೊಂಡ ನಂತರವೇ ವಿಸ್ತರಿಸಲಾಯಿತು. ಒಂದೇ ಪ್ರದೇಶಕ್ಕೆ ಎರಡು ಬೇರೆ ತಂಡಗಳನ್ನು ಸ್ವತಂತ್ರವಾಗಿ ಕಳುಹಿಸಿ, ಅವುಗಳ ಅಂಕಿ ಅಂಶಗಳನ್ನು ಹೋಲಿಸಿ ಕ್ಷೇತ್ರ ಸಿಬ್ಬಂದಿಯ ತಪ್ಪುಗಳನ್ನು ಪತ್ತೆ ಹಚ್ಚುವ ಪದ್ಧತಿಯನ್ನೂ ಇವರೇ ರೂಪಿಸಿದರು. ಪೂರ್ಣ ಎಣಿಕೆಗಿಂತ ಅತಿ ಕಡಿಮೆ ಖರ್ಚಿನಲ್ಲಿ ನಡೆದ ಈ ಸಮೀಕ್ಷೆಯ ಅಂದಾಜು, ನಂತರ ದೊರೆತ ವ್ಯಾಪಾರದ ಲೆಕ್ಕಕ್ಕೆ ಹೆಚ್ಚು ಸಮೀಪವಾಗಿತ್ತು. ಈ ಅನುಭವದ ಮೇಲೆಯೇ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಈ ಸಮೀಕ್ಷೆಗೆ ಕುಟುಂಬವೊಂದು ಆಯ್ಕೆಯಾಗುವುದು ಪ್ರತಿಚಯನದ ನಿಯಮದಿಂದಲೇ ಹೊರತು ಆ ಕುಟುಂಬದ ಆದಾಯದ ಬಗ್ಗೆ ಯಾವುದೇ ಸಂಶಯದಿಂದಲ್ಲ ಎಂಬುದನ್ನು ನಾಗರಿಕರು ಗಮನಿಸಬಹುದು.

1941ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ವಿಭಾಗ ಪ್ರಾರಂಭವಾದಾಗ ಅದರ ಹೊಣೆಯೂ ಇವರದಾಯಿತು. ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಜನಿಸಿದ ಡಾ. ಸಿ.ಆರ್. ರಾವ್ ರವರು ಉದ್ಯೋಗವನ್ನು ಅರಸಿ ಕಲ್ಕತ್ತೆಗೆ ಹೋದವರು. ಸಂಸ್ಥೆಯ ತರಬೇತಿಗೆ ಸೇರಿ, 1943ರಲ್ಲಿ ಇಲ್ಲಿಯೇ ಎಂ.ಎ. ಪದವಿ ಪಡೆದು, ಮುಂದೆ ವಿಶ್ವವಿಖ್ಯಾತರಾದರು. 1959ರ ಅಧಿನಿಯಮದ ಮೂಲಕ ಸಂಸ್ಥೆಗೆ ಪದವಿ ನೀಡುವ ಅಧಿಕಾರ ದೊರೆಯಿತು. ಎರಡನೆಯ ಪಂಚವಾರ್ಷಿಕ ಯೋಜನೆಗೆ (1956–61) ಆಧಾರವಾದ ಮಾದರಿಯೂ ಮಹಲನೋಬಿಸ್ ರವರದೇ. ಭಾರಿ ಕೈಗಾರಿಕೆಗಳಿಗೆ ಒತ್ತು ನೀಡಿದ ಅದರ ಕುರಿತು ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯಗಳಿವೆ. 1968ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಲಭಿಸಿತು.

ಬೆಂಗಳೂರಿನೊಡನೆ ಇವರ ಸಂಬಂಧ ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರ ಆಸಕ್ತಿಯ ಫಲವಾಗಿ 1954ರಲ್ಲಿ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕವು ನಗರದಲ್ಲಿ ಆರಂಭವಾಯಿತು. 1962ರಲ್ಲಿ ಗ್ರಂಥಾಲಯ ವಿಜ್ಞಾನಿ ಡಾ. ಎಸ್.ಆರ್. ರಂಗನಾಥನ್ ರವರ ನೇತೃತ್ವದಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವೂ ಸ್ಥಾಪನೆಗೊಂಡಿತು. ಮೈಸೂರು ರಸ್ತೆಯಲ್ಲಿ ಕೆಂಗೇರಿಗೆ ಮೊದಲು, ಜ್ಞಾನಭಾರತಿ ಆವರಣದ ಸಮೀಪವಿರುವ 8ನೇ ಮೈಲಿಯಲ್ಲಿ ಸಂಸ್ಥೆಯ ಬೆಂಗಳೂರು ಕೇಂದ್ರವಿದ್ದು, ಪ್ರವೇಶ ಪರೀಕ್ಷೆಯ ಮೂಲಕ ಸೇರುವ ವಿದ್ಯಾರ್ಥಿಗಳಿಗೆ ಬಿ.ಮ್ಯಾತ್ (ಆನರ್ಸ್) ಮುಂತಾದ ಕೋರ್ಸುಗಳನ್ನು ನಡೆಸಲಾಗುತ್ತಿದೆ.

ಪ್ರೊ. ಮಹಲನೋಬಿಸ್ ರವರು ತಮ್ಮ 79ನೇ ಜನ್ಮದಿನದ ಮುನ್ನಾದಿನವಾದ 1972ರ ಜೂನ್ 28ರಂದು ನಿಧನರಾದರು. ಇವರ ಜನ್ಮದಿನವಾದ ಜೂನ್ 29ನ್ನು 2007ರಿಂದ ರಾಷ್ಟ್ರೀಯ ಸಾಂಖ್ಯಿಕ ದಿನವನ್ನಾಗಿ ಆಚರಿಸಲಾಗುತ್ತಿದೆ.