ಅಮೀನ್ ಎನಿಸಿಕೊಂಡವರು: ಸರ್ ಮಿರ್ಜಾ ಇಸ್ಮಾಯಿಲ್

ಸೆಕೆಂಡ್ ಪಿಯುಸಿಯಲ್ಲಿ ಕಾಮರ್ಸ್ ಓದುವ ನಮಗೆ ಬ್ರ್ಯಾಂಡ್ ಎಂಬ ಪದ ಹೊಸದಲ್ಲ. ಸೋಪಿಗೆ, ಶೂಗೆ, ಟೀ ಪುಡಿಗೆ ಬ್ರ್ಯಾಂಡ್ ಇರುತ್ತದೆ ಎಂದು ಪಾಠದಲ್ಲೇ ಓದಿದ್ದೇವೆ. ಕೆಲಸಕ್ಕೆ ಹೋಗುವವರೂ ತಮ್ಮದೊಂದು ಬ್ರ್ಯಾಂಡ್ ಕಟ್ಟಿಕೊಳ್ಳಬೇಕು ಎಂದು ಈಗ ಎಲ್ಲೆಲ್ಲೂ ಕೇಳುತ್ತೇವೆ. ಅದು ಒಳ್ಳೆಯ ಫೋಟೊದಿಂದ ಬರುತ್ತದೆಯೋ, ಇಂಗ್ಲಿಷ್ ಮಾತಿನಿಂದ ಬರುತ್ತದೆಯೋ ಎಂಬ ಚರ್ಚೆ ನಮ್ಮ ಬೆಂಚಿನಲ್ಲಿ ಮುಗಿಯುವುದೇ ಇಲ್ಲ. ಈ ಚರ್ಚೆಗೆ ನನ್ನ ಉತ್ತರ ಒಬ್ಬ ವ್ಯಕ್ತಿ. ಅವರು ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್.

ಮಿರ್ಜಾ ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1883ರ ಅಕ್ಟೋಬರ್ 24ರಂದು. ಅವರ ತಾತ ಅಲಿ ಅಸ್ಕರ್ ಇರಾನಿನ ಶಿರಾಜ್ ನಗರದಿಂದ ಕುದುರೆ ವ್ಯಾಪಾರಕ್ಕೆಂದು ಬಂದು ಇಲ್ಲಿಯೇ ನೆಲೆಸಿದವರು. ಬೆಂಗಳೂರಿನಲ್ಲಿ ಇಂದಿಗೂ ಅವರ ಹೆಸರಿನ ರಸ್ತೆಯಿದೆ. ಬಾಲಕ ಮಿರ್ಜಾಗೆ ಮುಂದೆ ಮಹಾರಾಜರಾಗಲಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಜೊತೆಯಲ್ಲಿ ಓದುವ ಅವಕಾಶ ಸಿಕ್ಕಿತು. ಮಹಾರಾಜರ ಗೆಳೆಯ ಎಂಬುದು ದೊಡ್ಡ ಶಿಫಾರಸು, ನಿಜ. ಆದರೆ ಅದರಿಂದ ಅವರು ನೇರವಾಗಿ ಮೇಲಿನ ಕುರ್ಚಿಯಲ್ಲಿ ಹೋಗಿ ಕೂರಲಿಲ್ಲ. 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದ ಮೇಲೆ ಅವರ ಮೊದಲ ಕೆಲಸ ಪೊಲೀಸ್ ಇಲಾಖೆಯಲ್ಲಿ. ಆಮೇಲೆ ಅರಮನೆಯ ಕಚೇರಿ, ಹುಜೂರ್ ಸೆಕ್ರೆಟರಿ ಹುದ್ದೆ, ಮಹಾರಾಜರ ಆಪ್ತ ಕಾರ್ಯದರ್ಶಿ ಸ್ಥಾನ. ಹೀಗೆ ಇಪ್ಪತ್ತು ವರ್ಷ ಬೇರೆಯವರ ಕಾಗದಪತ್ರ ನೋಡಿ, ಬೇರೆಯವರ ಗುಟ್ಟು ಕಾಪಾಡಿ ಕೆಲಸ ಕಲಿತರು. 1926ರಲ್ಲಿ ದಿವಾನರಾದಾಗ ಅವರಿಗೆ 42 ವರ್ಷ.

ಮಹಾರಾಜರು ಅವರಿಗೆ ಅಮೀನ್-ಉಲ್-ಮುಲ್ಕ್ ಎಂಬ ಬಿರುದು ಕೊಟ್ಟಿದ್ದರು. ಅಮೀನ್ ಎಂದರೆ ಏನು ಎಂದು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಅಮಾನತ್ತನ್ನು ಕಾಯುವವನು, ನಂಬಿಕೆಗೆ ತಕ್ಕವನು. ಬ್ರಿಟಿಷರು ಕೊಟ್ಟ ಸರ್ ಪದವಿ 1930ರದು. ನನಗೆ ಎರಡರಲ್ಲಿ ದೊಡ್ಡದಾಗಿ ಕಾಣುವುದು ಅಮೀನ್ ಎಂಬುದೇ.

ಅವರ ಕೆಲಸದಲ್ಲಿ ಒಂದು ಗುರುತು ಇತ್ತು. ಅದು ಅಚ್ಚುಕಟ್ಟುತನ. ಬೆಳಿಗ್ಗೆ ನಗರ ಸುತ್ತುವುದು, ರಸ್ತೆ, ಚರಂಡಿ, ಉದ್ಯಾನಗಳನ್ನು ಸ್ವತಃ ನೋಡುವುದು ಅವರ ರೂಢಿ. ದಿವಾನರು ಯಾವ ಬೀದಿಗೆ ಯಾವಾಗ ಬಂದಾರು ಎಂಬ ಎಚ್ಚರ ಅಧಿಕಾರಿಗಳಿಗೆ ಇರಲೇಬೇಕಿತ್ತು. ಕನ್ನಂಬಾಡಿ ಅಣೆಕಟ್ಟೆ ಎಂದರೆ ನಮಗೆಲ್ಲ ನೆನಪಾಗುವುದು ವಿಶ್ವೇಶ್ವರಯ್ಯನವರು. ಆ ಕಟ್ಟೆಯ ಕೆಳಗಿನ ಜಾಗದಲ್ಲಿ ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯನ್ನು ಕಂಡವರು ಮಿರ್ಜಾ. ಇಂದು ನಾವು ಟೂರ್ ಹೋಗಿ ಫೋಟೊ ತೆಗೆಸಿಕೊಳ್ಳುವ ಬೃಂದಾವನ ಹುಟ್ಟಿದ್ದು ಹಾಗೆ. ಉಪಯೋಗದ ಕೆಲಸ ಅಂದವಾಗಿಯೂ ಇರಬೇಕು ಎಂಬುದು ಅವರ ಹಟ.

ಅಂದ ಮಾತ್ರ ಇದ್ದಿದ್ದರೆ ಅವರನ್ನು ತೋಟದ ದಿವಾನ ಎಂದು ಕರೆದು ಮರೆಯುತ್ತಿದ್ದರು. ಕಾವೇರಿ ನಾಲೆಯ ನೀರು ಮಂಡ್ಯಕ್ಕೆ ಹರಿದಾಗ ರೈತರು ಕಬ್ಬು ಬೆಳೆಯಬಹುದು ಎಂದಾಯಿತು. ಬೆಳೆದ ಕಬ್ಬನ್ನು ಕೊಳ್ಳುವವರು ಬೇಕಲ್ಲ? 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಮಲೆನಾಡಿನಲ್ಲಿ ಬಿದಿರು ಇತ್ತು, 1936ರಲ್ಲಿ ಭದ್ರಾವತಿಯ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ, ಲ್ಯಾಂಪ್ ಕಾರ್ಖಾನೆ, 1940ರಲ್ಲಿ ವಿಮಾನ ಕಾರ್ಖಾನೆ, ಎಲ್ಲವೂ ಅವರ ಕಾಲದವು. ಹಳ್ಳಿಗಳಿಗೆ ಕರೆಂಟ್ ಹೋಗಬೇಕೆಂದು ದುಡಿದರು. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ, ಗುಡ್‌ವಿಲ್ ಎಂಬುದು ಪುಸ್ತಕದಲ್ಲಿ ಬರೆದುಕೊಂಡರೆ ಬರುವುದಿಲ್ಲ, ಮೊದಲು ಸರಕು ಇರಬೇಕು.

ಅವರ ಹೆಸರು ಕಲೆಯಿಲ್ಲದೆ ಉಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯ ಗಣಪತಿಯ ವಿಚಾರವಾಗಿ ಗಲಭೆಯಾಯಿತು. ಹಿಂದೂ ಮಹಾರಾಜರ ರಾಜ್ಯ, ಮುಸ್ಲಿಂ ದಿವಾನ. ಅವರ ಕೆಲಸವನ್ನು ಬಿಟ್ಟು ಅವರ ಧರ್ಮವನ್ನೇ ಹಿಡಿದು ಮಾತಾಡುವವರಿಗೆ ಅದಕ್ಕಿಂತ ಒಳ್ಳೆಯ ಸಂದರ್ಭ ಬೇಕಿರಲಿಲ್ಲ. ಗಲಭೆಯ ವಿಚಾರಣೆಗೆ ಸಮಿತಿ ರಚನೆಯಾಯಿತು. ಅದರ ಅಧ್ಯಕ್ಷರು ಮಾಜಿ ದಿವಾನ ವಿಶ್ವೇಶ್ವರಯ್ಯನವರು. ಯಾರ ಒತ್ತಡಕ್ಕೂ ಬಗ್ಗದವರು ಎಂದು ನಾಡೇ ಬಲ್ಲ ವ್ಯಕ್ತಿಯ ಮುಂದೆ ಮಿರ್ಜಾ ಅವರ ಸರ್ಕಾರ ಪರೀಕ್ಷೆಗೆ ನಿಂತಿತು.

ಹತ್ತು ವರ್ಷಗಳ ನಂತರ, 1938ರ ಏಪ್ರಿಲ್‌ನಲ್ಲಿ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜನ ಸತ್ತರು. ಅದು ಮಿರ್ಜಾ ಅವರ ಆಡಳಿತದ ದೊಡ್ಡ ಕಪ್ಪು ಚುಕ್ಕೆ, ಅದನ್ನು ಯಾವ ಉದ್ಯಾನವೂ ಮುಚ್ಚಲಾರದು. ಆಮೇಲೆ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದರು, ದಿವಾನರೊಂದಿಗೆ ಮಾತುಕತೆಯಾಗಿ ಒಪ್ಪಂದವಾಯಿತು. ಇಷ್ಟು ದೊಡ್ಡ ಹೆಸರೂ ಒಂದು ದಿನದ ಗುಂಡಿನಿಂದ ಹೀಗೆ ಕಳಂಕಗೊಳ್ಳಬಹುದು ಎಂಬುದನ್ನು ನಾವು ಮರೆಯಬಾರದು.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ರಾಜೀನಾಮೆ ಕೊಟ್ಟರು. ಗೆಳೆಯ ಮಹಾರಾಜರ ಬಲ ಹೋಯಿತು, ಇನ್ನು ಇವರ ಕಥೆ ಮುಗಿಯಿತು ಎಂದು ಅಂದುಕೊಂಡವರು ಇದ್ದಿರಬಹುದು. ನಿಜವಾದ ಪರೀಕ್ಷೆ ಶುರುವಾದದ್ದೇ ಆಗ. 1942ರಲ್ಲಿ ದೂರದ ಜೈಪುರ ಸಂಸ್ಥಾನ ಅವರನ್ನು ಪ್ರಧಾನ ಮಂತ್ರಿಯಾಗಿ ಕರೆಸಿಕೊಂಡಿತು. ಅಲ್ಲಿ ಅವರಿಗೆ ಬಾಲ್ಯದ ಗೆಳೆಯ ಮಹಾರಾಜರಿರಲಿಲ್ಲ, ಕನ್ನಡದ ಜನರಿರಲಿಲ್ಲ. ಮೈಸೂರಿನಲ್ಲಿ ಮಾಡಿದ ಕೆಲಸದ ಹೆಸರೊಂದೇ ಅವರಿಗಿಂತ ಮೊದಲು ಹೋಗಿ ಬಾಗಿಲು ತೆರೆಸಿತ್ತು. ಅಲ್ಲಿಯೂ ಹಳೆಯ ಕೋಟೆಯ ಗೋಡೆಯಾಚೆ ಹೊಸ ನಗರ ಬೆಳೆಯಿತು. ಜೈಪುರದ ಮುಖ್ಯ ವ್ಯಾಪಾರ ರಸ್ತೆಯ ಹೆಸರು ಇಂದಿಗೂ ಮಿರ್ಜಾ ಇಸ್ಮಾಯಿಲ್ ರಸ್ತೆ. ಜನ ಅದನ್ನು ಎಂ.ಐ. ರೋಡ್ ಎನ್ನುತ್ತಾರೆ.

1946ರಲ್ಲಿ ಹೈದರಾಬಾದ್ ನಿಜಾಮರ ಪ್ರಧಾನಿಯಾದರು. ದೇಶ ಇಬ್ಭಾಗವಾಗುವ ಕಾಲ. ಮಿರ್ಜಾ ವಿಭಜನೆಯನ್ನು ಒಪ್ಪಿದವರಲ್ಲ, ಜಿನ್ನಾ ಅವರಿಗೆ ಈ ನೇಮಕ ಹಿಡಿಸಿರಲಿಲ್ಲ. ಭಾರತದೊಂದಿಗೆ ಹೊಂದಾಣಿಕೆಯಿಂದ ಹೋಗಬೇಕು ಎಂಬ ಅವರ ನಿಲುವು ಅಲ್ಲಿನ ಉಗ್ರರಿಗೆ ಬೇಕಿರಲಿಲ್ಲ. ಮೈಸೂರಿನಲ್ಲಿ ಕೆಲವರಿಗೆ ಅವರು ತೀರ ಮುಸ್ಲಿಂ ಆಗಿದ್ದರು, ಹೈದರಾಬಾದಿನಲ್ಲಿ ಕೆಲವರಿಗೆ ಸಾಕಷ್ಟು ಮುಸ್ಲಿಂ ಆಗಿರಲಿಲ್ಲ. ಎರಡು ಕಡೆಯೂ ಅವರು ಮಾತ್ರ ಒಬ್ಬರೇ ಆಗಿದ್ದರು. ಮಾತು ಬದಲಿಸಿ ಕುರ್ಚಿ ಉಳಿಸಿಕೊಳ್ಳಬಹುದಿತ್ತು. ಅವರು 1947ರ ಮೇ ತಿಂಗಳಲ್ಲಿ, ವರ್ಷ ತುಂಬುವ ಮೊದಲೇ, ಕುರ್ಚಿ ಬಿಟ್ಟು ಬಂದರು. ಅವರ ಬಾಳಿನಲ್ಲಿ ನಾನು ಹೆಚ್ಚು ಗೌರವಿಸುವ ಭಾಗ ಇದು. ಬೆಂಗಳೂರಿನಲ್ಲಿಯೇ 1959ರ ಜನವರಿ 5ರಂದು ಅವರು ಕೊನೆಯುಸಿರೆಳೆದರು.

ನಮ್ಮ ಅಬ್ಬಾ ಟೈಲರ್. ಅವರ ಅಂಗಡಿಯ ಬೋರ್ಡಿನ ಬಣ್ಣ ಹೋಗಿ ಎಷ್ಟೋ ವರ್ಷವಾಗಿದೆ. ಆದರೂ ಹಬ್ಬದ ವಾರ ಊರಾಚೆಯಿಂದ ಜನ ಹುಡುಕಿಕೊಂಡು ಬರುತ್ತಾರೆ, ಏಕೆಂದರೆ ಹೇಳಿದ ದಿನ ಬಟ್ಟೆ ಸಿಗುತ್ತದೆ, ಉಳಿದ ತುಂಡು ಬಟ್ಟೆಯೂ ವಾಪಸ್ ಬರುತ್ತದೆ. ದಿವಾನರ ಕೆಲಸ ದೊಡ್ಡದು, ಟೈಲರ್ ಕೆಲಸ ಸಣ್ಣದು, ಆದರೆ ಹೆಸರು ಬರುವ ದಾರಿ ಒಂದೇ ಎಂದು ನನಗೆ ತೋರುತ್ತದೆ.

ಇನ್ನು ಕೆಲವೇ ವರ್ಷಗಳಲ್ಲಿ ನಮ್ಮಲ್ಲಿ ಒಬ್ಬರು ಸಿ.ಎ. ಆಗುತ್ತೇವೆ, ಒಬ್ಬರು ನರ್ಸ್, ಒಬ್ಬರು ಮೆಕ್ಯಾನಿಕ್, ಒಬ್ಬರು ಟೀಚರ್. ನಮ್ಮ ಹೆಸರು ಕೇಳಿದ ಕೂಡಲೇ ಕೆಲವರು ಮೊದಲೇ ಒಂದು ತೀರ್ಮಾನಕ್ಕೆ ಬಂದಿರಬಹುದು. ಅದನ್ನು ವಾದದಿಂದ ಬದಲಿಸುವುದು ಕಷ್ಟ. ಒಪ್ಪಿಕೊಂಡ ಕೆಲಸವನ್ನು ಯಾರೂ ನೋಡದಿರುವಾಗಲೂ ಸರಿಯಾಗಿ ಮಾಡುವುದು, ಲಾಭಕ್ಕಾಗಿ ಮಾತು ಬದಲಿಸದಿರುವುದು, ಇವೆರಡು ಮಾತ್ರ ನಮ್ಮ ಕೈಯಲ್ಲಿವೆ. ಅಮೀನ್ ಎಂಬ ಬಿರುದನ್ನು ಮಹಾರಾಜರೇ ಕೊಡಬೇಕೆಂದಿಲ್ಲ. ನಮ್ಮ ಬಳಿ ಕೆಲಸ ಕೊಟ್ಟು ನಿಶ್ಚಿಂತೆಯಿಂದ ಮನೆಗೆ ಹೋಗುವ ಒಬ್ಬ ಗಿರಾಕಿ ಕೊಟ್ಟರೂ ಸಾಕು.